ಕೈಗುಣ

ಕಳೆದ ಯುಗಾದಿ ಊಟದ ಸಾಲಿನಲ್ಲಿ ನಮ್ಮ ಕೂಟದ ಹಿರಿಯರೊಬ್ಬರು ನನ್ನನ್ನು ಕೆಣಕಿದರು: "ಏನ್ರೀ ಡಾಕ್ಟ್ರೇ, ಈಗ ಮಕ್ಕಳ ರಕ್ತನಾಳ ಹುಡುಕೋದಕ್ಕೂ ಅಲ್ಟ್ರಾಸೌಂಡ್ ಬೇಕಂತೆ! ಹಿಂದಿನವರ ಕೈಗುಣ ಎಲ್ಲಿ ಹೋಯ್ತು?" ಬಾಯಲ್ಲಿ ಹೋಳಿಗೆ ಇತ್ತು. ನಕ್ಕು ಸುಮ್ಮನಾದೆ. ಪ್ರಶ್ನೆ ಮಾತ್ರ ಮನೆಯವರೆಗೂ ಹಿಂದೆಯೇ ಬಂತು.

ಆ ಕೈಗುಣವನ್ನು ನಾನೂ ಕಂಡವನೇ. ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಹೌಸ್ ಸರ್ಜನ್ ಆಗಿದ್ದಾಗ, ಬೇಸಿಗೆಯಲ್ಲಿ ವಾಂತಿಭೇದಿಯಿಂದ ಬತ್ತಿಹೋದ ಕೂಸುಗಳು ಸಾಲಾಗಿ ಬರುತ್ತಿದ್ದವು. ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಕಾಲಿನ ಹರಡಿನ ಒಳಮಗ್ಗುಲಲ್ಲಿ ಬೆರಳಾಡಿಸಿ, ಕಾಣದ ನಾಳಕ್ಕೆ ಒಂದೇ ಸಲಕ್ಕೆ ಸೂಜಿ ಇಳಿಸುತ್ತಿದ್ದರು. ನಾವು ಬಾಯಿ ಬಿಟ್ಟು ನೋಡುತ್ತಿದ್ದೆವು.

ಮುಂದೆ ಅಮೆರಿಕದಲ್ಲಿ ರೆಸಿಡೆನ್ಸಿ ಮಾಡುವಾಗ ನನಗೂ ಅಂಥ ಕೈ ಇದೆಯೆಂಬ ಜಂಬ ಬಂದಿತ್ತು. ಒಂದು ರಾತ್ರಿ ತೀವ್ರ ಸೋಂಕಿನಿಂದ ಕೈಕಾಲು ತಣ್ಣಗಾಗಿದ್ದ ಮಗುವೊಂದು ಬಂತು. ಒಂದು, ಎರಡು, ಮೂರು... ಆರು ಸಲ ಚುಚ್ಚಿದೆ. ತಾಯಿ ಮೆಲ್ಲಗೆ ಕೇಳಿದಳು, "ಇಲ್ಲಿ ಬೇರೆ ಯಾರೂ ಇಲ್ಲವೇ?" ಇದ್ದರು. ನನ್ನ ಹಿರಿಯ ವೈದ್ಯರು ಪಕ್ಕದ ಕೋಣೆಯಲ್ಲೇ ಇದ್ದರು. ನಾನು ಕರೆದಿರಲಿಲ್ಲ. ಅವರು ಬಂದವರೇ ಮೊಣಕಾಲಿನ ಕೆಳಗೆ ಮೂಳೆಯೊಳಕ್ಕೇ ಸೂಜಿ ಹಾಕಿ ದ್ರವ ಕೊಟ್ಟರು. ಮಗು ಉಳಿಯಿತು. ನಾನು ಕಳೆದ ಆ ಇಪ್ಪತ್ತು ನಿಮಿಷಗಳ ಸಾಲ ಮಾತ್ರ ಇನ್ನೂ ತೀರಿಲ್ಲ.

ಈಗ ಯಂತ್ರದ ಮಾತು. ಬಸುರಿಯರಿಗೆ ಮಾಡುವ ಸ್ಕ್ಯಾನ್‌ನ ತತ್ವವೇ ಇದು. ಕಿವಿಗೆ ಕೇಳದ ಶಬ್ದದ ಅಲೆಗಳು ಚರ್ಮದೊಳಕ್ಕೆ ಹೋಗಿ, ಮರಳಿ ಬಂದು ಪರದೆಯ ಮೇಲೆ ಚಿತ್ರವಾಗುತ್ತವೆ. ರಕ್ತನಾಳ ಕಪ್ಪು ವೃತ್ತದಂತೆ ಕಾಣುತ್ತದೆ. ಮೆಲ್ಲಗೆ ಒತ್ತಿದರೆ ಅಭಿಧಮನಿ ಚಪ್ಪಟೆಯಾಗುತ್ತದೆ, ಅಪಧಮನಿ ಮಿಡಿಯುತ್ತಲೇ ಇರುತ್ತದೆ. ಸೂಜಿಯ ತುದಿ ಬಿಳಿ ಚುಕ್ಕಿ. ನಾಳ ಎರಡು ಮೂರು ಮಿಲಿಮೀಟರ್ ಅಗಲವಿದ್ದು, ಅದರೊಳಗೆ 0.7 ಮಿಲಿಮೀಟರ್ ಕೊಳವೆ ಹೋಗಬೇಕಾದಾಗ, ಮೈ ಊದಿಕೊಂಡಾಗ, ಬೆರಳಿಗೆ ಸಿಗದ್ದು ಕಣ್ಣಿಗೆ ಸಿಗುತ್ತದೆ. 2001ರಲ್ಲೇ ಅಮೆರಿಕ ಸರಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯ ವರದಿಯೊಂದು, ಹೃದಯದ ಸಮೀಪದ ದೊಡ್ಡ ನಾಳಗಳಿಗೆ ಕೊಳವೆ ಹಾಕುವಾಗ ಇದನ್ನು ವ್ಯಾಪಕವಾಗಿ ಬಳಸಬೇಕೆಂದು ಹೇಳಿತ್ತು.

ಹಾಗಾದರೆ ಬೆರಳಿನ ವಿದ್ಯೆ ಬೇಡವೇ? ಖಂಡಿತ ಬೇಕು. ಯಂತ್ರ ಎಲ್ಲ ಕಡೆ ಇರುವುದಿಲ್ಲ. ಪ್ರಾಣ ಹೋಗುವ ಹೊತ್ತಿನಲ್ಲಿ ಅದನ್ನು ತರುವಷ್ಟು ಸಮಯವೂ ಇರುವುದಿಲ್ಲ. ಅಲ್ಲದೆ ಯಂತ್ರ ಹಿಡಿದ ಮಾತ್ರಕ್ಕೆ ಯಾರೂ ಜಾಣರಾಗುವುದಿಲ್ಲ. ಪರದೆಯನ್ನೇ ನೋಡುತ್ತ ಮಗುವನ್ನು ಮರೆತವರನ್ನೂ ಕಂಡಿದ್ದೇನೆ. ಅದಕ್ಕೇ ನಮ್ಮ ಕಿರಿಯರಿಗೆ ಮೊದಲು ಜೆಲ್ ತುಂಬಿದ ಬೊಂಬೆಯ ಮೇಲೆ ಅಭ್ಯಾಸ ಮಾಡಿ ಎನ್ನುತ್ತೇನೆ. ವೈದ್ಯ ಕಲಿಯಲೇಬೇಕು, ನಿಜ. ಆದರೆ ಆ ಕಲಿಕೆಯ ಶುಲ್ಕವನ್ನು ಮಗುವಿನ ಚರ್ಮ ಎಷ್ಟರಮಟ್ಟಿಗೆ ಕಟ್ಟಬೇಕು?

ಮಗುವಿಗೆ ಏನು ತಿಳಿಯುತ್ತದೆ, ನಾಳೆ ಮರೆತುಬಿಡುತ್ತದೆ ಎಂಬ ಸಮಾಧಾನ ವೈದ್ಯರಿಗೆ ಬಹುಕಾಲ ಇತ್ತು. ನವಜಾತ ಶಿಶುಗಳಿಗೆ ನೋವಿನ ಅರಿವು ಕಡಿಮೆ ಎಂದೇ ಹಲವರು ನಂಬಿದ್ದರು. 1987ರಲ್ಲಿ ಕೆ.ಜೆ.ಎಸ್. ಆನಂದ್ ಮತ್ತು ಹಿಕಿ ಎಂಬ ವೈದ್ಯರು ಈ ನಂಬಿಕೆಯ ಬುಡವನ್ನೇ ಅಲುಗಾಡಿಸಿದರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ನಮ್ಮ ವೃತ್ತಿಗೂ ಸಲ್ಲುತ್ತದೆ.

ಈಗ ನನ್ನದೊಂದು ನಿಯಮವಿದೆ: ಎರಡು ಸಲ ತಪ್ಪಿದರೆ ಸೂಜಿ ಬೇರೆಯವರ ಕೈಗೆ. ತಂದೆತಾಯಿಗಳಲ್ಲಿ ನನ್ನದೊಂದು ವಿನಂತಿ. "ಇನ್ನೂ ಅನುಭವಸ್ಥರು ಇದ್ದಾರೆಯೇ? ಅಲ್ಟ್ರಾಸೌಂಡ್ ಇದೆಯೇ? ಸಮಯವಿದ್ದರೆ ಮರಗಟ್ಟಿಸುವ ಮುಲಾಮು ಹಚ್ಚಬಹುದೇ?" ಎಂದು ಕೇಳಲು ಸಂಕೋಚಪಡಬೇಡಿ. ಅದು ವೈದ್ಯರಿಗೆ ಮಾಡುವ ಅವಮಾನವಲ್ಲ.

ನಮ್ಮೂರ ಆ ಸಿಸ್ಟರ್ ಕೂಡ ಒಮ್ಮೊಮ್ಮೆ, "ಇದು ನನ್ನ ಕೈಲಿ ಆಗೋಲ್ಲ, ದೊಡ್ಡ ಡಾಕ್ಟರನ್ನ ಕರೀರಿ" ಎನ್ನುತ್ತಿದ್ದರು. ಅವರ ಸೂಜಿಯನ್ನು ನೋಡಿ ಬೆರಗಾದ ನಾವು ಈ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೈಗುಣದ ಅರ್ಧ ಭಾಗ ಅಲ್ಲಿತ್ತು. ಮುಂದಿನ ಯುಗಾದಿಗೆ ಆ ಹಿರಿಯರು ಸಿಕ್ಕರೆ ಇಷ್ಟನ್ನು ಹೇಳಬೇಕೆಂದಿದ್ದೇನೆ. ಈ ಸಲ ಹೋಳಿಗೆ ನುಂಗಿದ ಮೇಲೆ!