ಮೇಲೇರುವುದು ಯಾರಿಗಾಗಿ?

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮನೆಗಳಲ್ಲಿ ಮಗಳು ಚೆನ್ನಾಗಿ ಓದಿದರೆ ಡಾಕ್ಟರ್, ಇಂಜಿನಿಯರ್, ತಹಶೀಲ್ದಾರ್ ಎಂಬ ಮಾತುಗಳು ಬರುತ್ತವೆ. 'ನಾನು ಲೈಬ್ರೇರಿಯನ್ ಆಗ್ತೀನಪ್ಪ' ಎಂದರೆ ಮನೆಯಲ್ಲಿ ಮೌನ. ಪುಸ್ತಕ ಕಾಯುವುದಕ್ಕೆ ಅಷ್ಟೊಂದು ಓದಬೇಕೇ ಎಂದು ಅಪ್ಪ ಕೇಳುತ್ತಾರೆ.

ಓದಬೇಕು. ಈ ವೃತ್ತಿಗೂ ಮೆಟ್ಟಿಲುಗಳಿವೆ. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಲು ಸ್ನಾತಕೋತ್ತರ ಪದವಿ, ಪಿಎಚ್.ಡಿ. ಮತ್ತು ಗ್ರಂಥಾಲಯದಲ್ಲೋ ಆ ವಿಷಯದ ಬೋಧನೆಯಲ್ಲೋ 10 ವರ್ಷಗಳ ಅನುಭವ ಬೇಕು. ಸಾರ್ವಜನಿಕ ಗ್ರಂಥಾಲಯ ಇಲಾಖೆಯಲ್ಲೂ ಊರಿನ ಗ್ರಂಥಾಲಯದಿಂದ ನಿರ್ದೇಶಕರ ಕೋಣೆಯವರೆಗೆ ಏಣಿ ಇದೆ.

ಆದರೆ ಇಲ್ಲೊಂದು ನೈತಿಕ ಪ್ರಶ್ನೆ ಇದೆ. ಪುಸ್ತಕವನ್ನೂ ಓದುಗರನ್ನೂ ಪ್ರೀತಿಸಿ ಬಂದವರು ಮೇಲೇರಿದಷ್ಟೂ ಅವೆರಡರಿಂದಲೂ ದೂರವಾಗುತ್ತಾರೆ. ಕೈಗೆ ಬರುವುದು ಕಡತ, ಸಭೆ, ಟೆಂಡರು. ಹಾಗಾದರೆ ಹುದ್ದೆ ಬಯಸುವುದು ಪ್ರೀತಿಗೆ ಬಗೆದ ದ್ರೋಹವೇ?

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಹುದ್ದೆಗೆ ಹಾತೊರೆದು ಈ ವೃತ್ತಿಗೆ ಬಂದವರಲ್ಲ. ಗಣಿತದ ಮೇಷ್ಟ್ರಾಗಿದ್ದ ಅವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದಾಗ ಬೇಸರಪಟ್ಟು, ಪಾಠ ಹೇಳುವುದಕ್ಕೇ ಮರಳಲು ಬಯಸಿದ್ದರು. ತರಬೇತಿಗೆಂದು ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ಕಂಡ ಮೇಲೆ ಅವರ ಕಣ್ಣು ತೆರೆಯಿತು. ಹಿಂದಿರುಗಿ ಗ್ರಂಥಾಲಯ ತೆರೆದಿರುವ ವೇಳೆಯನ್ನು ಹೆಚ್ಚಿಸಿದರು. 1931ರಲ್ಲಿ ಪಂಚಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಕೆಗೆ ಎಂಬುದು ಅವುಗಳಲ್ಲಿ ಮೊದಲನೆಯದು. ಮುಂದೆ ತಮ್ಮ ಉಳಿತಾಯದ 1 ಲಕ್ಷ ರೂಪಾಯಿಯನ್ನು ಅದೇ ವಿಶ್ವವಿದ್ಯಾನಿಲಯದಲ್ಲಿ ಗ್ರಂಥಾಲಯ ವಿಜ್ಞಾನದ ಪೀಠಕ್ಕೆ ಕೊಟ್ಟರು. ಹುದ್ದೆ ಅವರ ಕೈಯಲ್ಲಿ ಸಾಧನವಾಗಿತ್ತು.

ಹುದ್ದೆಯೇ ಇಲ್ಲದೆ ದುಡಿದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯ ಅಂಕೇಗೌಡರು ಬಸ್ ಕಂಡಕ್ಟರಾಗಿದ್ದವರು, ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಸಂಬಳದ ಬಹುಭಾಗವನ್ನು ಪುಸ್ತಕಕ್ಕೆ ಸುರಿದು, 20 ಲಕ್ಷದಷ್ಟು ಎನ್ನಲಾಗುವ ಪುಸ್ತಕಗಳ 'ಪುಸ್ತಕ ಮನೆ'ಯನ್ನು ಕಟ್ಟಿದರು. 2026ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಈ ತ್ಯಾಗಕ್ಕೆ ತಲೆಬಾಗಲೇಬೇಕು.

ಹಾಗೆಂದು 'ಸೇವೆಗೆ ಹುದ್ದೆ ಏಕೆ?' ಎಂದು ಕೈತೊಳೆದುಕೊಳ್ಳಬಹುದೇ? ಅಷ್ಟು ಪುಸ್ತಕಗಳನ್ನು ವಿಂಗಡಿಸಿ, ಸೂಚಿ ತಯಾರಿಸಿ, ಮುಂದಿನ ತಲೆಮಾರಿಗೆ ಉಳಿಸುವುದು ಒಬ್ಬರ, ಒಂದು ಕುಟುಂಬದ ಶಕ್ತಿಗೆ ಮೀರಿದ್ದು. ಅದಕ್ಕೆ ಸಂಸ್ಥೆ ಬೇಕು, ಸಂಸ್ಥೆಗೆ ಹಣ ಬೇಕು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರಲ್ಲೇ ಬಂದಿದೆ. ಆಸ್ತಿ ತೆರಿಗೆಯ ಜೊತೆ ನಾವು ನೀವು ಶೇ. 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ ಈ ಕರ ಸಕಾಲಕ್ಕೆ ಗ್ರಂಥಾಲಯಕ್ಕೆ ಸೇರುವುದಿಲ್ಲ ಎಂಬುದು ಹಳೆಯ ದೂರು. ಅದನ್ನು ಕೇಳಿ ಪಡೆಯಲು ಬರಿಯ ಪುಸ್ತಕಪ್ರೀತಿ ಸಾಲದು. ಕಾಯ್ದೆ ಓದಿಕೊಂಡು, ಪತ್ರ ಬರೆದು, ಅಧಿಕಾರಿಗಳ ಮುಂದೆ ಗಟ್ಟಿಯಾಗಿ ಮಾತನಾಡಬಲ್ಲ ಒಬ್ಬರು ಆ ಕುರ್ಚಿಯಲ್ಲಿರಬೇಕು.

ಆದ್ದರಿಂದ ಹುದ್ದೆಯ ಆಸೆ ತಾನಾಗಿಯೇ ಪಾಪವಲ್ಲ. ಅರ್ಹರು 'ನಮಗೇಕೆ ಈ ರಗಳೆ' ಎಂದು ಹಿಂದೆ ಸರಿದರೆ ಆ ಕುರ್ಚಿ ಖಾಲಿ ಇರುವುದಿಲ್ಲ. ಪುಸ್ತಕದ ಮುಖ ನೋಡದವರು ಬಂದು ಕೂರುತ್ತಾರೆ. ಅಂತಹ ವಿನಯದಲ್ಲಿ ಸ್ವಲ್ಪ ಸ್ವಾರ್ಥವೂ ಅಡಗಿರುತ್ತದೆ: ತನ್ನ ಕೈ ಕೊಳೆಯಾಗಬಾರದೆಂಬ ಸ್ವಾರ್ಥ.

ಹಾಗಾದರೆ ಆಸೆಯನ್ನು ಅಳೆಯುವುದು ಹೇಗೆ? ಮಳವಳ್ಳಿಯ ವಾಚನಾಲಯದಲ್ಲಿ ಕೂತ ಹುಡುಗನೊಬ್ಬನನ್ನು ನೆನೆಯಿರಿ. ಮನೆಯಲ್ಲಿ ಓದಲು ಜಾಗವಿಲ್ಲ, ಪರೀಕ್ಷೆ ಹತ್ತಿರ ಬಂದಿದೆ. ಬಾಗಿಲು ಇನ್ನೊಂದು ಗಂಟೆ ತೆರೆದಿರಬೇಕೇ, ಅವನಿಗೆ ಬೇಕಾದ ಪುಸ್ತಕ ಬರಬೇಕೇ ಎಂಬುದು ಅವನು ಎಂದೂ ಕಾಣದ ಮೇಲಧಿಕಾರಿಯ ಸಹಿಯಿಂದ ತೀರ್ಮಾನವಾಗುತ್ತದೆ. ಏಣಿ ಹತ್ತುವವರು ಪ್ರತಿ ಮೆಟ್ಟಿಲಲ್ಲೂ ತಮ್ಮನ್ನು ಕೇಳಿಕೊಳ್ಳಲಿ: ನಾನು ಇಲ್ಲಿಗೆ ಬಂದದ್ದರಿಂದ ಆ ಹುಡುಗನಿಗೆ ಏನು ಸಿಕ್ಕಿತು? ಉತ್ತರವಿದ್ದರೆ ಧೈರ್ಯವಾಗಿ ಮುಂದಿನ ಮೆಟ್ಟಿಲು ಹತ್ತಲಿ. ಇಲ್ಲದಿದ್ದರೆ ಅಲ್ಲೇ ನಿಂತು ಒಮ್ಮೆ ಕೆಳಗೆ ನೋಡಲಿ.