ತೆರೆದ ಕೆರೆ ಯಾರಿಗೆ ತೆರೆದದ್ದು?

ಪೈಗೇಮ್ ಅನ್ನೋದೊಂದು ಸಾಧನ ಇದೆ, ಕಂಪ್ಯೂಟರಿನಲ್ಲಿ ಆಟ ಕಟ್ಟೋದಕ್ಕೆ. ಅದನ್ನು ಕರೆದ ಕೂಡಲೇ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡುತ್ತದೆ: ಪೈಗೇಮ್ ಸಮುದಾಯದಿಂದ ನಮಸ್ಕಾರ, ಅಂತ. ಪಕ್ಕದಲ್ಲೇ ನೀವೂ ಕೈಗೂಡಿಸಿ ಅಂತ ಒಂದು ವಿಳಾಸ. ನಮ್ಮ ಕಡೆ 'ಸಮುದಾಯ' ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಲಬುರಗಿಯಲ್ಲಿ ಬಾಡಿಗೆ ಮನೆ ಕೇಳಲು ಹೋದರೆ "ಯಾವ ಸಮುದಾಯದೋರ್ರಿ ನೀವು?" ಅಂತಾರೆ. ಜಾತಿ ಅನ್ನಲು ನಾಚಿಕೆಯಾದವರು ಕಂಡುಕೊಂಡ ಮಾತು ಅದು. ಹೀಗಿರುವಾಗ ಕುಲ ಕೇಳದೆ ನಮಸ್ಕಾರ ಹೇಳುವ ಈ ಸಮುದಾಯ ಯಾವುದು? ಅದರೊಳಗೆ ನಾವು ಇದ್ದೇವೋ ಇಲ್ಲವೋ? ಇದು ಕಂಪ್ಯೂಟರ್ ಕಲಿತವರಿಗೆ ಬಿಟ್ಟುಬಿಡುವ ಪ್ರಶ್ನೆ ಅಲ್ಲ.

ಮೊದಲು ವಸ್ತು ತಿಳಿಯಬೇಕು. ಪೈಥಾನ್ ಎಂಬುದು 1991ರಲ್ಲಿ ನೆದರ್‌ಲ್ಯಾಂಡ್ಸಿನ ಗೀಡೊ ವಾನ್ ರೋಸಮ್ ಹೊರತಂದ ಭಾಷೆ. ಸಾಲು ಬರೆದರೆ ಸಾಕು, ನೇರ ಓಡುತ್ತದೆ. ಅದರ ಜತೆ ಬಳಸಲೆಂದು 2000ದಲ್ಲಿ ಪೀಟ್ ಶಿನ್ನರ್ಸ್ ಎಂಬವರು ಪೈಗೇಮ್ ಶುರು ಮಾಡಿದರು. ಇದನ್ನು ಲೈಬ್ರರಿ ಅಂತಾರೆ. ಪುಸ್ತಕದ ಮನೆ ಅಲ್ಲ. ಇನ್ನೊಬ್ಬರು ಮೊದಲೇ ಮಾಡಿಟ್ಟ ಕೆಲಸದ ಗಂಟು. ಚಿತ್ರ ತೋರಿಸೋದು, ಸದ್ದು ಹೊರಡಿಸೋದು, ಒತ್ತಿದ ಕೀಲಿ ಯಾವುದು ಅಂತ ನೋಡೋದು, ಇವನ್ನೆಲ್ಲ ನಾವು ಮತ್ತೆ ಬರೆಯಬೇಕಿಲ್ಲ. ಬೆಲೆ ಇಲ್ಲ. ಅದಕ್ಕಿಂತ ದೊಡ್ಡದು, ಒಳಗಿನ ಬರಹ ಬಿಚ್ಚಿಟ್ಟಿದೆ. ಯಾರೂ ಓದಬಹುದು, ತಿದ್ದಬಹುದು, ಅದರಿಂದ ಆಟ ಮಾಡಿ ಮಾರಲೂಬಹುದು. ಆದರೆ ಲೈಬ್ರರಿಯನ್ನೇ ತಿದ್ದಿ ಹಂಚಿದರೆ ಆ ತಿದ್ದುಪಡಿಯನ್ನೂ ಬಿಚ್ಚಿಡಬೇಕು.

ನಮ್ಮ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಬೇರೆ ಕಡೆ ಬೆಳೆದ ಬಾಳೆಗೆ ಆ ಹೆಸರು ಹಚ್ಚಿ ಮಾರುವ ಹಾಗಿಲ್ಲ. ಅಲ್ಲಿ ಕಾಯಿದೆ ಬೇಲಿ ಹಾಕುತ್ತದೆ. ಇಲ್ಲಿ ಒಡೆತನದ ಕಾಯಿದೆಯನ್ನೇ ಬಳಸಿ, ಮುಂದೆ ಯಾರೂ ಬೇಲಿ ಹಾಕದಂತೆ ಕಟ್ಟಿಟ್ಟಿದ್ದಾರೆ. ಬೇಲಿ ತಪ್ಪು ಅಂತಲ್ಲ. ಬಾಳೆಯ ಹೆಸರು ಊರಿನದಾದರೂ ಗಿಡ ಯಾರ ಹೊಲದಾಗ ಅದ, ಗೊನೆ ಹೊರೋರು ಯಾರು ಅನ್ನೋದು ಬೇರೆಯೇ ಲೆಕ್ಕ.

ತೆರೆದ ತಂತ್ರಾಂಶ ಅಂದರೇನು ಅಂತ 1998ರಲ್ಲಿ ಒಂದು ವ್ಯಾಖ್ಯೆ ಬರೆದರು. ಯಾವ ವ್ಯಕ್ತಿಗೂ ಯಾವ ಗುಂಪಿಗೂ ಭೇದ ಮಾಡಕೂಡದು ಅನ್ನೋದು ಅದರ ಒಂದು ಕರಾರು. ಓದಿದರೆ ಎದೆ ತುಂಬುತ್ತದೆ. ಆದರೆ ಇಂಥ ಕಾಗದ ನಾವು ಹಿಂದೆಯೂ ನೋಡಿದ್ದೇವೆ. 1923ರಲ್ಲಿ ಮುಂಬಯಿಯ ಶಾಸನಸಭೆ, ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಠರಾವು ಮಾಡಿತು. 1924ರಲ್ಲಿ ಮಹಾಡದ ಪುರಸಭೆ ಚವದಾರ ಕೆರೆ ಎಲ್ಲರಿಗೂ ತೆರೆದಿದೆ ಅಂದಿತು. ಒಬ್ಬನೇ ಒಬ್ಬ ಅಸ್ಪೃಶ್ಯ ನೀರು ಮುಟ್ಟಲಾಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜತೆ ನಡೆದುಹೋಗಿ ಬೊಗಸೆ ನೀರು ಕುಡಿದಾಗ ಬಿದ್ದದ್ದು ದೊಣ್ಣೆ ಏಟು. ಪುರಸಭೆ ಅದೇ ವರ್ಷ ತನ್ನ ಮಾತನ್ನೇ ವಾಪಸು ತಗೊಂಡಿತು. ನ್ಯಾಯಾಲಯದ ಕೊನೆಯ ತೀರ್ಪು ಬರಲು 1937 ಆಯಿತು.

ಪೈಗೇಮಿನ ದಂಡೆಯಲ್ಲಿ ದೊಣ್ಣೆ ಹಿಡಿದವರು ಇಲ್ಲ, ಅದನ್ನು ಒಪ್ಪಲೇಬೇಕು. ಇಲ್ಲಿ ತಡೆಯೋದು ಬೇರೆ ಬೇರೆ ಸಣ್ಣ ವಸ್ತುಗಳು. ಕಮಲಾಪುರ ಕಡೆಯ ಒಂದು ಶಾಲೆಯಲ್ಲಿ ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಕೋಣೆಗೆ ಬೀಗ ಹಾಕಿದ್ದು ಕಂಡೆವು. "ಕೆಡತಾವ್ರಿ, ಮುಟ್ಟಬ್ಯಾಡ್ರಿ" ಅಂದರು. ಮುಟ್ಟಬ್ಯಾಡ್ರಿ ಅನ್ನೋ ಮಾತು ನಮ್ಮ ಮಕ್ಕಳಿಗೆ ಹೊಸದಲ್ಲ. ಬೀಗ ತೆಗೆಸಿದರೆ ಕರೆಂಟು. ಕರೆಂಟು ಬಂದರೆ ಇಂಗ್ಲಿಷು. ಪೈಥಾನಿನ ಮೂವತ್ತೈದು ಮೂಲ ಪದಗಳು ಇಂಗ್ಲಿಷಿನವು. 2008ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ನಾವು ಇಡುವ ಹೆಸರುಗಳು ಕನ್ನಡದಲ್ಲೇ ಇರಬಹುದು. 'ಚೆಂಡು' ಅಂತ ಬರೆದರೂ ಅದಕ್ಕೆ ತಿಳಿಯುತ್ತದೆ. ಇದನ್ನು ಎಷ್ಟು ಜನ ಮೇಷ್ಟರು ಮಕ್ಕಳಿಗೆ ಹೇಳಿದ್ದಾರೆ?

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಾಡಿತು. ಹುಡುಗಿಯೊಬ್ಬಳು ತನ್ನ ಆಟದಲ್ಲಿ 'ಅಕ್ಕ' ಅಂತ ಬರೆದಳು. ಪರದೆಯ ಮೇಲೆ ಒತ್ತಕ್ಷರ ಒತ್ತಾಗಲಿಲ್ಲ. ಎರಡು ಕಕಾರ ಅಕ್ಕಪಕ್ಕ ನಿಂತು ನಡುವೆ ಒಂದು ಕೊಂಬು ತೂಗಿತು. ಇಂಗ್ಲಿಷಿನ ಅಕ್ಷರಗಳನ್ನು ಇಟ್ಟಿಗೆ ಹಾಗೆ ಸಾಲಾಗಿ ಜೋಡಿಸಿದರೆ ಮುಗಿಯಿತು. ನಮ್ಮವು ಒಂದರ ಕೆಳಗೊಂದು ಕೂಡುವ ಅಕ್ಷರ. ಜತೆಗಿದ್ದ ಉರ್ದು ಶಾಲೆಯ ಹುಡುಗನ ಹೆಸರೂ ಹಾಗೇ ಬಿಡಿಬಿಡಿಯಾಗಿ, ತಿರುವುಮುರುವಾಗಿ ಬಿತ್ತು. ಯಾರೂ ಹಟದಿಂದ ಮಾಡಿದ್ದಲ್ಲ ಇದು. ಕಟ್ಟುವ ಹೊತ್ತಿನಲ್ಲಿ ನಾವು ಅಲ್ಲಿ ಇರಲಿಲ್ಲ, ನಮ್ಮ ನೆನಪು ಯಾರಿಗೂ ಆಗಲಿಲ್ಲ. ಅಷ್ಟೆ. ಆದರೆ ಆ 'ಅಷ್ಟೆ'ಯಲ್ಲಿ ಎಷ್ಟೋ ಶತಮಾನಗಳಿವೆ. ಊರು ಕಟ್ಟುವಾಗ ನಮ್ಮ ಕೇರಿಗೆ ದಾರಿ ಬಿಡೋದು ಮರೆತದ್ದೂ ಹಾಗೆಯೇ ಅಂತಾರಲ್ಲ.

ಹಾಗಂತ ಇದನ್ನು ಮೇಲಿನವರ ಮೋಸ ಅಂತ ಬದಿಗಿಡಲು ನಾವು ತಯಾರಿಲ್ಲ. ಒತ್ತಕ್ಷರ ಕೂಡಿಸುವ ದಾರಿ ಪೈಗೇಮಿನ ಈಚಿನ ಆವೃತ್ತಿಗಳಿಗೆ ಬಂದಿದೆ. ಲಿಪಿ ಕನ್ನಡ ಅಂತ ನಾಲ್ಕಕ್ಷರದ ಗುರುತು ಕೊಡಬೇಕು. ಒಡೆಯನೊಬ್ಬನ ಹಿಡಿತದ ಸಾಮಾನಾಗಿದ್ದರೆ ಅವನ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲಬೇಕಿತ್ತು. ಬಿಚ್ಚಿಟ್ಟ ಬರಹವನ್ನು ಬೇಕಾದವರೇ ತಿದ್ದಬಹುದು. 2023ರಲ್ಲಿ ಪೈಗೇಮ್ ಬಳಗದಲ್ಲೇ ಜಗಳವಾಗಿ ಕೆಲವರು ಅದೇ ಬರಹ ಎತ್ತಿಕೊಂಡು ಬೇರೆ ಆವೃತ್ತಿ ಕಟ್ಟಿದರು, ಯಾರೂ ತಡೆಯಲಾಗಲಿಲ್ಲ. 1923ರ ಠರಾವು ನೀರು ಕೊಡಲಿಲ್ಲ ನಿಜ. ಆದರೆ ಆ ಕಾಗದವೇ ಇರದಿದ್ದರೆ ಮಹಾಡಕ್ಕೆ ಹೋದವರು ಬೇಡುವವರಾಗುತ್ತಿದ್ದರು. ಕಾಗದವಿದ್ದುದರಿಂದ ತಮ್ಮದನ್ನು ತಗೊಳ್ಳುವವರಾಗಿ ಹೋದರು.

ಪುಕ್ಕಟೆ ದುಡಿಮೆಯ ಮಾತೂ ಇದೆ. ಪೈಗೇಮಿನ ಬಹುಪಾಲು ಜನ ಸಂಬಳವಿಲ್ಲದೆ ಬರೆದವರು. ಇದನ್ನು ತ್ಯಾಗ ಅಂತ ಹಾಡಿ ಹೊಗಳುವ ಮುಂಚೆ ನೆನಪಿಡಿ, ನಮ್ಮಲ್ಲಿ ಪುಕ್ಕಟೆ ದುಡಿಮೆಗೆ ಬಿಟ್ಟಿ ಚಾಕರಿ ಅಂತ ಹೆಸರು. ಜೀತವನ್ನು ಕಾಯಿದೆ ತೆಗೆದುಹಾಕಿದ್ದು 1976ರಲ್ಲಿ. ದುಡಿಯುವವನಿಗೆ 'ಒಲ್ಲೆ' ಅನ್ನುವ ಹಕ್ಕಿದ್ದಾಗ ಮಾತ್ರ ಪುಕ್ಕಟೆ ದುಡಿಮೆ ದಾನವಾಗುತ್ತದೆ. ಹೊಟ್ಟೆ ತುಂಬಿದವರಿಗೆ ಆ ಹಕ್ಕು ಸುಲಭ. ದಿನಗೂಲಿಯ ಮಗನಿಗೆ 'ನೀನೂ ಬಂದು ಸಮುದಾಯಕ್ಕೆ ದುಡಿ' ಅನ್ನೋರು ಅವನ ಸಂಜೆಯ ಊಟದ ಲೆಕ್ಕವನ್ನೂ ಹೇಳಬೇಕು.

"ಭೂಮಿ, ಕೂಲಿ, ಮೀಸಲಾತಿ ಬಿಟ್ಟು ಆಟ ಏನ್ ಹಚ್ಚೀರಿ?" ಅಂತ ಗೆಳೆಯರು ಬೈದರು. ಬೈಗುಳದಲ್ಲಿ ನ್ಯಾಯವಿದೆ. ಆದರೆ ಆಟ ನಮ್ಮನ್ನು ಬಿಟ್ಟಿದೆಯೇ? ಫೋನಿನ ಹಣದಾಟದಲ್ಲಿ ಕೂಲಿ ಕಳಕೊಂಡ ಹುಡುಗರು ಎಲ್ಲ ಕೇರಿಗಳಲ್ಲೂ ಇದ್ದಾರೆ. 2025ರಲ್ಲಿ ಸಂಸತ್ತು ಅದನ್ನು ನಿಷೇಧಿಸುವ ಕಾಯಿದೆ ಮಾಡಿತು. ಅವರು ಆಡಿದ ಆಟದ ನಿಯಮ ಅವರು ಒಮ್ಮೆಯೂ ಕಂಡಿರಲಿಲ್ಲ. ಹಳೆಯ ಪರಮಪದ ಸೋಪಾನದ ಪಟ ನೋಡಿ. ಬೀಳುವುದು ಕವಡೆ, ಏರಿದರೆ ಪುಣ್ಯ, ಹಾವು ನುಂಗಿದರೆ ಪಾಪ. ಪಟ ಬರೆದವನ ಕೈ ಮಾತ್ರ ಎಲ್ಲೂ ಕಾಣೋದಿಲ್ಲ. ಕರ್ಮದ ಮಾತನ್ನು ಮಕ್ಕಳಿಗೆ ಇಷ್ಟು ಸಲೀಸಾಗಿ ಕಲಿಸಿದ ಪುರಾಣ ಇನ್ನೊಂದಿಲ್ಲ.

ಬೆಂಗಳೂರಿನ ಗುರಪ್ಪನಪಾಳ್ಯದ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರ ಹುಟ್ಟಿದಾಗ ಮಕ್ಕಳು ಗಿಂಪ್ ಎಂಬ ಸ್ವತಂತ್ರ ತಂತ್ರಾಂಶದಲ್ಲಿ ಚಿತ್ರ ಬರೆದರು. 'ಸಮುದಾಯ' ಅನ್ನೋ ಮಾತಿಗೆ ಅಲ್ಲಿ ಬೇರೆ ಅರ್ಥ ಬಂತು. ಕಲಬುರಗಿಗೆ, ಹುಮನಾಬಾದ ರಸ್ತೆಯ ಕಮಲಾಪುರಕ್ಕೆ ಅದು ಬರಬೇಕಾದರೆ ಹೊತ್ತು ತರಬೇಕಾದವರು ನಾವೇ. ಅದಕ್ಕೇ ಹಳೆಯ ಲ್ಯಾಪ್‌ಟಾಪುಗಳನ್ನು ಕೂಡಿಸಿ ಮಕ್ಕಳ ಜತೆ ಚೌಕಾಬಾರ ಕಟ್ಟಲು ಕೂತೆವು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಅನ್ನೋದು ಆಟದ ನಿಯಮ. ಅದು ಒಂದು ಸಾಲಾಗಿ ಪರದೆಯ ಮೇಲೆ ಕಂಡಾಗ ಹುಡುಗಿ ಕೇಳಿದಳು: "ಯಾರಿಗೂ ಹೊಡಿಲಾರದ ಒಳಗ ಹೋಗಬಾರದೇನ್ರಿ?" ಉತ್ತರ ನಾವು ಹೇಳಲಿಲ್ಲ. ಆ ಸಾಲು ಅಳಿಸಿ ನೋಡು ಅಂದೆವು. ಅಳಿಸಿದಳು. ಹುಡುಗರು "ಇದು ಚೌಕಾಬಾರನೇ ಅಲ್ಲ" ಅಂತ ಗದ್ದಲ ಎಬ್ಬಿಸಿದರು. ಕೊನೆಗೆ ಎರಡನ್ನೂ ಇಟ್ಟುಕೊಂಡರು. ಹೆಚ್ಚಿನವರು ಇನ್ನೂ ಹಳೆಯದನ್ನೇ ಆಡುತ್ತಾರೆ. ಅವಳು ಮತ್ತು ಉರ್ದು ಶಾಲೆಯ ಆ ಹುಡುಗ ಹೊಸದನ್ನು ಆಡುತ್ತಾರೆ.