ಬಾಡಿಗೆಯಿಲ್ಲದ ಮನೆ

ಬಡ್ಡಿ ತಿನ್ನುವವನೆಂದರೆ ನಮ್ಮ ಕಣ್ಣ ಮುಂದೆ ಬರುವವನು ಲೆಕ್ಕದ ಪುಸ್ತಕ ಹಿಡಿದ ಸಾಹುಕಾರ. ತಿಂಗಳ ಕೊನೆಗೆ ಗ್ಯಾಸ್ ಸಿಲಿಂಡರಿಗೆ ಕೈಗಡ ತರುವ ಮದ್ರಸದ ಮೇಷ್ಟ್ರಲ್ಲ.

ನಮ್ಮ ದಾವಣಗೆರೆಯಲ್ಲಿ ಬೆಂಗಳೂರಿನಷ್ಟು ಬಾಡಿಗೆಯಿಲ್ಲ. ಆದರೂ ಮನೆ ಹುಡುಕುವಾಗ ನಾವು ಮೊದಲು ಕೇಳುವುದು ಭೋಗ್ಯಕ್ಕೆ ಕೊಡುತ್ತೀರಾ ಎಂದೇ. ಒಡೆಯನಿಗೆ ಒಂದೇ ಗಂಟು ಹಣ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಅಷ್ಟೂ ಹಣ ಹಿಂದಕ್ಕೆ ಪಡೆಯುವ ಏರ್ಪಾಡು. ನಾನೂ ಪತ್ನಿಯ ಬಳೆಗಳನ್ನು ಮಾರಿಸಿ ನಾಲ್ಕು ಲಕ್ಷ ಕೊಟ್ಟು ಇಂಥದೇ ಮನೆ ಸೇರಿದೆ.

ಒಂದು ದಿನ ಹುಡುಗರಿಗೆ ಅಡವಿನ ಪಾಠ ಹೇಳುತ್ತಿದ್ದೆ. ಸಾಲ ಕೊಟ್ಟವನು ಸಾಲದ ಷರತ್ತಾಗಿ ಪಡೆಯುವ ಲಾಭ ಬಡ್ಡಿಯೇ ಎಂಬುದು ಫಿಕ್ಹ್ ವಿದ್ವಾಂಸರಲ್ಲಿ ಪ್ರಸಿದ್ಧವಾದ ನಿಯಮ. "ಹಾಗಾದರೆ ಭೋಗ್ಯದ ಮನೆ, ಹಜ್ರತ್?" ಎಂದು ಒಬ್ಬ ಕೇಳಿದ. ನಾಳೆ ಹೇಳುತ್ತೇನೆಂದೆ. ಆ ನಾಳೆ ಎಂಟು ತಿಂಗಳಾಯಿತು.

ಲೆಕ್ಕ ಕಠಿಣವಾಗಿರಲಿಲ್ಲ. ನಾನು ಕೊಟ್ಟದ್ದನ್ನು ಒಡೆಯ ಖರ್ಚು ಮಾಡಿದ್ದಾನೆ, ಅಷ್ಟನ್ನೇ ಹಿಂದಿರುಗಿಸಬೇಕು. ಅಂದರೆ ಅದು ಸಾಲ. 5,000 ರೂಪಾಯಿ ಬಾಡಿಗೆ ಬರುವ ಮನೆಯಲ್ಲಿ ಬಿಟ್ಟಿ ಇದ್ದರೆ ವರ್ಷಕ್ಕೆ 60,000, ನಾಲ್ಕು ಲಕ್ಷಕ್ಕೆ ನೂರಕ್ಕೆ 15. ಬ್ಯಾಂಕಿನ ಠೇವಣಿ ಬೇಡವೆಂದವನು ಅದರ ಸುಮಾರು ಎರಡರಷ್ಟನ್ನು ಉಣ್ಣುತ್ತಿದ್ದೆ. ಕರಾರಿನಲ್ಲಿ ತಿಂಗಳಿಗೆ 100 ರೂಪಾಯಿ ಬಾಡಿಗೆಯೆಂದು ಬರೆಸಿ ಸಮಾಧಾನಪಡುವವರೂ ಇದ್ದಾರೆ. ನೂರು ರೂಪಾಯಿಗೆ ಸಂತೆಯಲ್ಲಿ ಏನು ಬರುತ್ತದೆಂಬುದು ಅವರಿಗೂ ಗೊತ್ತು.

ಒಡೆಯನೇ ಒಪ್ಪಿ ಕೊಟ್ಟಿದ್ದಾನೆ, ಅವನು ಮನೆಯುಳ್ಳವನು, ನಾನು ಇಲ್ಲದವನು, ಇದರಲ್ಲಿ ಶೋಷಣೆಯೆಲ್ಲಿದೆ? ಈ ವಾದವನ್ನು ನಾನೂ ಬಹಳ ದಿನ ಹಿಡಿದುಕೊಂಡಿದ್ದೆ. ಆದರೆ ಅವನು ಬಾಡಿಗೆ ಬಿಟ್ಟು ಭೋಗ್ಯಕ್ಕೆ ಏಕೆ ಕೊಟ್ಟ? ಮಗಳ ಮದುವೆಗೆ ಹಣ ಬೇಕಿತ್ತು. ಸಹಿ ಹಾಕುವಾಗ ಅವನೇ ಹೇಳಿದ್ದ. ನನ್ನ ಗಮನ ಆಗ ನೀರಿನ ನಲ್ಲಿಯ ಮೇಲಿತ್ತು.

ಕೊನೆಗೆ ಪತ್ನಿಗೆ ಹೇಳಿದೆ. ಉಪದೇಶ ತಲುಪಿದ ಮೇಲೆ ನಿಲ್ಲಿಸಿದವನಿಗೆ ಹಿಂದಿನದು ಹಿಂದೆಯೇ ಎಂಬ ರಿಯಾಯಿತಿ ಅಲ್‌ಬಕರ ಅಧ್ಯಾಯದ 275ನೇ ಸೂಕ್ತದಲ್ಲಿದೆ ಎಂದೂ ಸೇರಿಸಿದೆ. "ನಿಮಗೆ ತಲುಪಿದ್ದು ಯಾವ ತಿಂಗಳು ರೀ?" ಎಂದಳು.

ಎಂಟು ತಿಂಗಳ ಬಾಡಿಗೆ 40,000. ಒಡೆಯ ನಕ್ಕುಬಿಟ್ಟ, ಹೀಗೆ ಯಾರೂ ಕೇಳಿಲ್ಲ ಎಂದ. ನಾಲ್ಕು ಲಕ್ಷವನ್ನು ಈಗಲೇ ಹಿಂದಿರುಗಿಸಲು ಅವನಿಂದಾಗದು. ಆದ್ದರಿಂದ ಆ 40,000ವನ್ನು ಗಂಟಿನಲ್ಲಿ ಮುರಿದುಕೊಂಡು, ಮುಂದಿನದನ್ನು ತಿಂಗಳು ತಿಂಗಳು ಸಂಬಳದಿಂದ ಕೊಡುವುದೆಂದು ಕರಾರು ತಿದ್ದಿಸಿದೆವು. ಬೈಕ್ ಮೂಲೆಯಲ್ಲಿ ನಿಂತಿತು, ಮಾಂಸ ತಿಂಗಳಿಗೆ ಎರಡು ಸಲವಾಯಿತು.

ಇಷ್ಟಕ್ಕೆ ಮುಗಿಯಿತೆಂದುಕೊಂಡಿದ್ದೆ. ಆದರೆ ಗಂಟು ಪತ್ನಿಯ ಬಳೆಗಳದು. ಹೆಂಡತಿಗೆ ವಸತಿ ಒದಗಿಸುವುದು ಗಂಡನ ಹೊಣೆ. ನನ್ನ ಬಾಡಿಗೆಯನ್ನು ಅವಳ ಚಿನ್ನದಿಂದ ಮುರಿಸಿದ್ದೆ. ಈಗ ಅವಳ ಖರ್ಚಿನ ಪುಸ್ತಕದಲ್ಲಿ ಅಕ್ಕಿಗಿಂತ ಮೇಲೆ ಎರಡು ಸಾಲುಗಳಿವೆ: ಮನೆ ಬಾಡಿಗೆ 5,000, ಇವರಿಂದ ಬಂದದ್ದು 1,000, ಇನ್ನು ಬರಬೇಕಾದ್ದು 33,000.